190 ಎಳೆಯ ಟಾರ್ಟನ್ 114 ಎಳೆಗೆ ಇಳಿದ ಲೆಕ್ಕ

ಕೆಂಪು 72, ನೀಲಿ 8, ಕಪ್ಪು 12, ಹಳದಿ 2, ಕಪ್ಪು 2, ಬಿಳಿ 2, ಕಪ್ಪು 2, ಹಸಿರು 16, ಕೆಂಪು 8, ಕಪ್ಪು 2, ಕೆಂಪು 4, ಬಿಳಿ 2.

ಶಾರ್ಟ್‌ಬ್ರೆಡ್ ಬಿಸ್ಕತ್ತಿನ ಡಬ್ಬಿಯ ಮೇಲೆ, ಬ್ಯಾಗ್‌ಪೈಪ್ ಊದುವವರ ಮೈಮೇಲೆ ನೀವು ನೋಡಿರುವ ಆ ಕೆಂಪು ಚೌಕಳಿ, ರಾಯಲ್ ಸ್ಟೂವರ್ಟ್ ಎಂಬ ಟಾರ್ಟನ್ (ಸ್ಕಾಟ್ಲೆಂಡಿನ ಬಣ್ಣದ ಚೌಕಳಿ), ಕಾಗದದ ಮೇಲೆ ಇಷ್ಟೇ. ಇದಕ್ಕೆ ಬೇರೆ ಪಾಠಾಂತರಗಳೂ ಉಂಟು. ನಾನು ಹಿಡಿದದ್ದು ಇದನ್ನು. ನಾಲ್ಕು ಶಾಫ್ಟಿನ (ಎಳೆಗಳನ್ನು ಎತ್ತುವ ಚೌಕಟ್ಟಿನ) ಮೇಜಿನ ಮಗ್ಗ, ಶೆಟ್‌ಲ್ಯಾಂಡ್ ಉಣ್ಣೆಯ ನೂಲು, ಬೇಕಾದದ್ದು ಒಂದು ಮಫ್ಲರ್. ಸ್ಕಾಟ್ಲೆಂಡಿನ ಬಾರ್ಡರ್ಸ್ ಸೀಮೆಯಲ್ಲಿ, ಗಾಲಾಶೀಲ್ಸ್ ಹತ್ತಿರ ವಾಸ ಮಾಡಿಕೊಂಡು ಒಂದಾದರೂ ಟಾರ್ಟನ್ ನೇಯದಿದ್ದರೆ ಹೇಗೆ ಅನ್ನುವುದು ನೆಪ. ನೇಯುವ ಕೆಲಸ ಅಂಥ ಕಷ್ಟದ್ದಲ್ಲ. ಹೊತ್ತು ತಿಂದದ್ದು ಲೆಕ್ಕ. ಅದಕ್ಕೇ ಈ ಬರಹದಲ್ಲೂ ಮಗ್ಗಕ್ಕಿಂತ ಪೆನ್ಸಿಲ್ಲಿನ ಕೆಲಸವೇ ಜಾಸ್ತಿ.

ಆ ಒಂದು ಸಾಲನ್ನು ಓದುವುದು

ಅಂಕಿಗಳೆಲ್ಲ ಎಳೆಗಳು. ಹಾಸಿನಲ್ಲಿ (ಉದ್ದದ ಎಳೆಗಳಲ್ಲಿ) ಯಾವ ಕ್ರಮವೋ ಹೊಕ್ಕಿನಲ್ಲೂ (ಅಡ್ಡ ಎಳೆಗಳಲ್ಲೂ) ಅದೇ ಕ್ರಮ, ಅದರಿಂದಲೇ ಚೌಕಳಿ. ಇಂಗ್ಲಿಷ್ ದಾಖಲೆಗಳಲ್ಲಿ ಬಣ್ಣಕ್ಕೊಂದು ಅಕ್ಷರ ಇರುತ್ತದೆ. ‘ಬಿ’ ನೀಲಿಗೆ ಹೋಗಿರುವುದರಿಂದ ಕಪ್ಪಿಗೆ ‘ಕೆ’. ಮೊದಲ ಮತ್ತು ಕೊನೆಯ ಅಂಕಿಗಳ ಜೊತೆ ಒಂದು ಓರೆಗೆರೆ ಇರುತ್ತದೆ. ಆ ಎರಡು ಪಟ್ಟಿಗಳೇ ತಿರುವು: ಅಲ್ಲಿಗೆ ಬಂದ ಕ್ರಮ ಹಿಂದಕ್ಕೆ ತಿರುಗಿ ಉಲ್ಟಾ ಹೋಗುತ್ತದೆ. ಅಂದರೆ ಬರೆದಿರುವುದು ಅರ್ಧ ವಿನ್ಯಾಸ ಮಾತ್ರ.

ಎಡವುವ ಜಾಗ ಇದೇ. ಮೇಲಿನ ಹನ್ನೆರಡು ಅಂಕಿ ಕೂಡಿದರೆ 132, ಎರಡರಷ್ಟು ಮಾಡಿದರೆ 264. ಆದರೆ ತಿರುವಿನ ಪಟ್ಟಿಗಳು ಇಡೀ ಸುತ್ತಿನಲ್ಲಿ, ಅಂದರೆ ಕ್ರಮ ಮುಂದೆ ಹೋಗಿ ಹಿಂದೆ ಬಂದು ಮುಗಿಯುವಷ್ಟರಲ್ಲಿ, ಒಂದೊಂದೇ ಸಲ ಬರುತ್ತವೆ. ಹಾಗಾಗಿ 264ರಲ್ಲಿ 72 ಮತ್ತು 2 ಕಳೆಯಬೇಕು, ಉಳಿಯುವುದು 190. ಒಂದು ಪೂರ್ತಿ ಸುತ್ತಿಗೆ 190 ಎಳೆ. ಇನ್ನೊಂದು ಪದ್ಧತಿಯೂ ಇದೆ: ತಿರುವಿನಲ್ಲಿ ಅರ್ಧವನ್ನು ಮಾತ್ರ ಬರೆಯುವುದು. ಆ ಪದ್ಧತಿಯ ಸಾಲು ಅಂದುಕೊಂಡು ಇದನ್ನು ಓದಿದರೆ ಕೆಂಪು 144 ಎಳೆ ಆಗಿ, ಸುತ್ತು 264ಕ್ಕೆ ಹಿಗ್ಗುತ್ತದೆ. ಇಂಚಿಗೆ 34 ಎಳೆಯ ಕಿಲ್ಟ್ (ಸ್ಕಾಟಿಷ್ ಗಂಡಸರ ನೆರಿಗೆ ಲಂಗ) ಬಟ್ಟೆಯಲ್ಲಿ 190 ಎಳೆಗೆ ಐದೂವರೆ ಇಂಚು ಚಿಲ್ಲರೆ, 264ಕ್ಕೆ ಏಳು ಮುಕ್ಕಾಲು ಇಂಚು. ಅಳತೆಗಿಂತ ಕೆಟ್ಟದ್ದು ನೋಟ, ಕೆಂಪು ಎರಡರಷ್ಟಾಗಿ ಉಳಿದದ್ದೆಲ್ಲ ಮೂಲೆ ಸೇರುತ್ತದೆ. ಯಾವ ಪದ್ಧತಿ ಎಂದು ಪುಸ್ತಕ ಹೇಳದಿದ್ದರೆ ಒಂದು ಉಪಾಯವಿದೆ. ನೇಯ್ದ ಬಟ್ಟೆಯ ಫೋಟೋ ಮೇಲೆ ಸ್ಕೇಲ್ ಇಟ್ಟು ದೊಡ್ಡ ಕೆಂಪನ್ನೂ ಹಸಿರನ್ನೂ ಅಳೆಯಿರಿ. ಕೆಂಪು ಹಸಿರಿನ ನಾಲ್ಕೂವರೆ ಪಟ್ಟು ಬಂದರೆ 72 ಪೂರ್ತಿ ಅಂಕಿ, ಒಂಬತ್ತು ಪಟ್ಟು ಬಂದರೆ ಅರ್ಧ.

ಎಲ್ಲ ಅಂಕಿಗಳೂ ಸರಿಸಂಖ್ಯೆ ಆಗಿರುವುದಕ್ಕೆ ಮಗ್ಗವೇ ಕಾರಣ. ಒಂದು ಬಣ್ಣದ ಲಾಳಿ ಬಲಕ್ಕೆ ಹೋದರೆ ಎಡಕ್ಕೆ ವಾಪಸು ಬರಬೇಕು. ಬೆಸಸಂಖ್ಯೆ ಇದ್ದರೆ ಅದು ಆ ಬದಿಯಲ್ಲೇ ಉಳಿದು, ಮುಂದಿನ ಸಲ ಬೇಕಾದಾಗ ಈ ಬದಿಯಲ್ಲಿ ಇರುವುದಿಲ್ಲ.

ಎಳೆ ಎಣಿಸಿ ವಿನ್ಯಾಸ ಕಾಪಾಡುವ ರೂಢಿ ಹಳೆಯದು. ಸ್ಕಾಟ್ಲೆಂಡಿನ ಪಶ್ಚಿಮ ದ್ವೀಪಗಳ ಬಗ್ಗೆ 1703ರಲ್ಲಿ ಬರೆದ ಮಾರ್ಟಿನ್ ಮಾರ್ಟಿನ್, ಅಲ್ಲಿಯ ಹೆಂಗಸರು ಪ್ರತಿ ಪಟ್ಟಿಯ ಎಳೆಗಳ ಸಂಖ್ಯೆಯನ್ನು ಒಂದು ಮರದ ತುಂಡಿನ ಮೇಲೆ ಗುರುತು ಹಾಕಿಟ್ಟುಕೊಳ್ಳುತ್ತಿದ್ದರು ಎಂದು ಹೇಳುತ್ತಾನೆ. ಸೈನ್ಯಕ್ಕೆ ಟಾರ್ಟನ್ ಒದಗಿಸುತ್ತಿದ್ದ ಬ್ಯಾನಕ್‌ಬರ್ನಿನ ವಿಲ್ಸನ್ ಮನೆತನದ ಕಂಪನಿಯವರ 1819ರ ಮಾದರಿ ಪುಸ್ತಕದಲ್ಲೂ ಎಳೆಗಳದೇ ಲೆಕ್ಕ. 1831ರಲ್ಲಿ ಸ್ಕಾಟಿಷ್ ಗೇಲರ ಬಗ್ಗೆ ಪುಸ್ತಕ ಬರೆದ ಜೇಮ್ಸ್ ಲೋಗನ್ ಮಾತ್ರ ಪಟ್ಟಿಗಳ ಅಗಲವನ್ನು ಇಂಚಿನ ಎಂಟನೇ ಒಂದು ಭಾಗಗಳಲ್ಲಿ ಕೊಟ್ಟ. ಓದುಗನಿಗೆ ಅದು ಸಲೀಸು, ನೇಕಾರನಿಗೆ ತಲೆನೋವು: ಎರಡೆಳೆಯ ಬಿಳಿ ಗೆರೆ ಎಂಟನೇ ಒಂದು ಇಂಚಿಗಿಂತ ಎಷ್ಟೋ ಸಣ್ಣದು. 2009ರಿಂದ ಸರ್ಕಾರದ್ದೇ ಆದ ಸ್ಕಾಟಿಷ್ ಟಾರ್ಟನ್ ನೋಂದಣಿ ಪುಸ್ತಕವಿದೆ, ಅಲ್ಲಿಯೂ ದಾಖಲಾಗುವುದು ಎಳೆಲೆಕ್ಕವೇ.

ಆದರೆ ಎಳೆಲೆಕ್ಕ ಅಳತೆ ಹೇಳುವುದಿಲ್ಲ. ಹದಿನೈದು ಚುಕ್ಕಿ, ಎಂಟರವರೆಗೆ ಅಂದರೆ ರಂಗೋಲಿ ಯಾವುದೆಂದು ತಿಳಿಯುತ್ತದೆ, ಅದು ಅಂಗಳ ತುಂಬುತ್ತದೋ ಹೊಸಿಲ ಮುಂದೆ ಮುಗಿಯುತ್ತದೋ ತಿಳಿಯುವುದಿಲ್ಲ. ಚುಕ್ಕಿಗಳ ನಡುವಿನ ಬಿಡುವು ಬೇರೆ ಕಡೆಯಿಂದ ಬರಬೇಕು. ಇಲ್ಲಿ ಅದು ಬರುವುದು ನೂಲಿನ ದಪ್ಪದಿಂದ. ಹಾಸಿಗೆ ಬಟ್ಟೆಯ ಪೊಟ್ಟಣದ ಮೇಲೆ 300, 400 ಎಂದು ಹಾಕುತ್ತಾರಲ್ಲ, ಅದು ಒಂದು ಚದರ ಇಂಚಿನಲ್ಲಿ ಹಾಸು, ಹೊಕ್ಕು ಸೇರಿ ಎಷ್ಟು ಎಳೆ ಎನ್ನುವ ಸಾಂದ್ರತೆಯ ಲೆಕ್ಕ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ನೂಲು ಎಷ್ಟು ದಪ್ಪ, ಇಂಚಿಗೆ ಎಷ್ಟು ಎಳೆ

ನನ್ನಲ್ಲಿದ್ದದ್ದು ಎರಡೆಳೆ ಹುರಿಯ ಶೆಟ್‌ಲ್ಯಾಂಡ್ ಉಣ್ಣೆ, 25 ಗ್ರಾಂ ಉಂಡೆಯಲ್ಲಿ 115 ಮೀಟರ್. ಗ್ರಾಮಿಗೆ 4.6 ಮೀಟರ್, ಅಂದರೆ ಒಂದು ಕಿಲೋಮೀಟರ್ ನೂಲಿಗೆ 217 ಗ್ರಾಂ, ಅಂದರೆ 217 ಟೆಕ್ಸ್. ನಾನು ಎಲ್ಲವನ್ನೂ ಟೆಕ್ಸ್‌ಗೆ ತಂದುಕೊಳ್ಳುವುದಕ್ಕೆ ಕಾರಣ, ನೂಲಿನ ನಂಬರುಗಳ ಗೊಂದಲ. ಊರಿನ ಕೈಮಗ್ಗದವರು 2/40 (40ರ ನಂಬರಿನ ಎರಡೆಳೆ ಹುರಿ) ಅಂದಾಗ ಅದು ಹತ್ತಿಯ ನಂಬರು: ಒಂದು ಪೌಂಡಿಗೆ 840 ಗಜದ ಲಡಿ ಎಷ್ಟು ಎನ್ನುವುದು. ವರ್ಸ್ಟೆಡ್, ಅಂದರೆ ಬಾಚಿ ನುಣುಪಾಗಿ ನೂತ ಉಣ್ಣೆ ನೂಲಿಗೆ, ಲಡಿ 560 ಗಜ. ನಮ್ಮ ಪಕ್ಕದ ಗಾಲಾಶೀಲ್ಸ್‌ಗೆ ಅದರದೇ ‘ಕಟ್’, 24 ಔನ್ಸಿಗೆ 300 ಗಜದ ಕಟ್ಟು ಎಷ್ಟು, ಅಂದರೆ ಪೌಂಡಿಗೆ 200 ಗಜದ ಲೆಕ್ಕ. ಮೆಟ್ರಿಕ್ ನಂಬರು ಗ್ರಾಮಿಗೆ ಎಷ್ಟು ಮೀಟರ್ ಎನ್ನುತ್ತದೆ. ಇವೆಲ್ಲದರಲ್ಲೂ ನಂಬರು ಏರಿದಂತೆ ನೂಲು ಸಣ್ಣ. ಟೆಕ್ಸ್‌ನಲ್ಲಿ ಉಲ್ಟಾ. ನಂಬರು ಕೇಳಿ ನೂಲು ತರಿಸುವವರು ಯಾವ ಪದ್ಧತಿ ಎಂದು ಕೇಳದೆ ದುಡ್ಡು ಕೊಡಬೇಡಿ.

ಇಂಚಿಗೆ ಎಷ್ಟು ಎಳೆ ಹಿಡಿಯುತ್ತದೆ ಎನ್ನುವುದಕ್ಕೆ ಆಶನ್‌ಹರ್ಸ್ಟ್ ಸೂತ್ರ ಹಳೆಯದಾದರೂ ಕೆಲಸಕ್ಕೆ ಬರುತ್ತದೆ. ಪೌಂಡಿಗೆ ಎಷ್ಟು ಗಜ ಎಂಬುದರ ವರ್ಗಮೂಲ ತೆಗೆದು, ವುಲನ್ (ಹಾಗೆ ಬಾಚದೆ ಸಡಿಲವಾಗಿ ನೂತ) ನೂಲಾದರೆ 0.84ರಿಂದ, ವರ್ಸ್ಟೆಡ್ ಆದರೆ 0.9ರಿಂದ ಗುಣಿಸಿದರೆ ಒಂದು ಇಂಚಿನಲ್ಲಿ ಎಳೆಗಳನ್ನು ಒತ್ತೊತ್ತಾಗಿ ಎಷ್ಟು ಕೂರಿಸಬಹುದು ಎಂದು ಬರುತ್ತದೆ. ನನ್ನ ನೂಲು ಪೌಂಡಿಗೆ 2282 ಗಜ, ವರ್ಗಮೂಲ 47.8, ಗುಣಿಸಿದರೆ 40. ಆದರೆ ಎಳೆಗಳ ನಡುವೆ ಹೊಕ್ಕು ಮೇಲೆ ಕೆಳಗೆ ದಾಟಲು ಜಾಗ ಬೇಕು. ಟಾರ್ಟನ್ ನೇಯುವುದು ಎರಡರ ಮೇಲೆ ಎರಡರ ಕೆಳಗೆ ಹಾಯುವ ಟ್ವಿಲ್‌ನಲ್ಲಿ. ನಾಲ್ಕು ಎಳೆಗೆ ಎರಡು ದಾಟು, ಆದ್ದರಿಂದ ಆರರಲ್ಲಿ ನಾಲ್ಕು ಪಾಲು. ಸಾದಾ ನೇಯ್ಗೆಯಾದರೆ ಅರ್ಧವೇ ಸಿಗುತ್ತಿತ್ತು. 40ರಲ್ಲಿ ಮೂರನೇ ಎರಡು ಪಾಲು, ಹತ್ತಿರ ಹತ್ತಿರ 27.

ಅದು ಗರಿಷ್ಠ. ಅಷ್ಟು ಹಾಕಿದರೆ ಕತ್ತಿನ ಸುತ್ತ ಹಲಗೆ ಕಟ್ಟಿಕೊಂಡಂತೆ. ವುಲನ್ ನೂಲು ನೀರಿಗೆ ಬಿದ್ದ ಮೇಲೆ ಉಬ್ಬಿ ಒಂದಕ್ಕೊಂದು ಹೆಣೆದುಕೊಳ್ಳುವುದರಿಂದ ಮಗ್ಗದ ಮೇಲೆ ಬಿಡುವು ಬಿಡಬೇಕು. ಮಾದರಿ ತುಂಡಿನಲ್ಲಿ ಇಂಚಿಗೆ 14, 16, 18 ಹಾಕಿ ಮೂರನ್ನೂ ತೊಳೆದು ನೋಡಿದೆ. 14 ಜಾರಿ ಜಾರಿ ಬಿತ್ತು, ಎಳೆದರೆ ಚೌಕ ಓರೆಯಾಗುತ್ತಿತ್ತು. 18 ಹಾಕಿದ್ದು ಕೋಟು ಹೊಲಿಯಲು ಸರಿ. 16 ಮಫ್ಲರಿಗೆ ಹೇಳಿ ಮಾಡಿಸಿದಂತಿತ್ತು. ಗರಿಷ್ಠದ ಶೇಕಡಾ 60 ಆಯಿತು. ಹಣಿಗೆ (ಎಳೆಗಳನ್ನು ಬಿಡಿಸಿ ಹಿಡಿದು ಹೊಕ್ಕನ್ನು ಒತ್ತುವ ಬಾಚಣಿಗೆ) ಇಂಚಿಗೆ 8 ಸಂದಿನದು, ಸಂದಿಗೆ ಎರಡೆಳೆ, ಬೇರೆ ಹಣಿಗೆ ಕೊಳ್ಳುವುದೂ ತಪ್ಪಿತು.

190 ಎಳೆ ಹಿಡಿಸದಿದ್ದಾಗ

ಇಂಚಿಗೆ 16ರ ಲೆಕ್ಕದಲ್ಲಿ 190 ಎಳೆ ಎಂದರೆ ಹನ್ನೆರಡು ಇಂಚು. ಮಫ್ಲರಿನ ಅಗಲಕ್ಕೆ ಒಂದೇ ಸುತ್ತು, ಅದರಲ್ಲೂ ಬರೀ ಕೆಂಪು ನಾಲ್ಕೂವರೆ ಇಂಚು. ಮಡಚಿ ಕತ್ತಿಗೆ ಸುತ್ತಿದರೆ ಯಾವ ಟಾರ್ಟನ್ ಎಂದು ಯಾರಿಗೂ ಗೊತ್ತಾಗದು. ಹಾಗಾಗಿ ವಿನ್ಯಾಸವನ್ನು ಇಳಿಸಬೇಕು.

ಎಲ್ಲ ಅಂಕಿಗಳನ್ನೂ ಅರ್ಧ ಮಾಡಿದರೆ 2 ಇದ್ದಲ್ಲಿ 1 ಬರುತ್ತದೆ. ಈ ಟ್ವಿಲ್‌ನಲ್ಲಿ ಒಂಟಿ ಎಳೆ ಗೆರೆಯಾಗಿ ನಿಲ್ಲುವುದಿಲ್ಲ, ಎರಡು ಹೊಕ್ಕಿಗೆ ಮೇಲೆದ್ದು ಎರಡಕ್ಕೆ ಮುಳುಗಿ ಚುಕ್ಕಿ ಚುಕ್ಕಿಯಾಗಿ ಕಾಣುತ್ತದೆ. ಲಾಳಿಯ ತಕರಾರು ಇದ್ದೇ ಇದೆ. ಆದ್ದರಿಂದ 2 ಇರುವುದೆಲ್ಲ 2 ಆಗಿಯೇ ಉಳಿಯಲಿ, ಉಳಿದದ್ದು ಅರ್ಧವಾಗಲಿ ಎಂದು ಮೊದಲು ಬರೆದೆ: ಕೆಂಪು 36, ನೀಲಿ 4, ಕಪ್ಪು 6, ಹಳದಿ 2, ಕಪ್ಪು 2, ಬಿಳಿ 2, ಕಪ್ಪು 2, ಹಸಿರು 8, ಕೆಂಪು 4, ಕಪ್ಪು 2, ಕೆಂಪು 2, ಬಿಳಿ 2. ಸುತ್ತಿಗೆ 106.

ಅಂಕಿ ಚೆನ್ನಾಗಿದೆ, ಬಟ್ಟೆ ಚೆನ್ನಾಗಿರುವುದಿಲ್ಲ. ಮೂಲದಲ್ಲಿ 190ಕ್ಕೆ 96 ಎಳೆ ಕೆಂಪು, ಅರ್ಧಕ್ಕಿಂತ ಒಂದು ಕೂದಲೆಳೆ ಹೆಚ್ಚು. ಇಲ್ಲಿ 106ಕ್ಕೆ 48, ಶೇಕಡಾ 45. ಕೆಂಪು ಮೈದಾನದ ಮೇಲೆ ಗೆರೆಗಳು ಓಡಬೇಕಾದ ಟಾರ್ಟನ್ನಿನಲ್ಲಿ ಗೆರೆಗಳ ಗುಂಪೇ ಮುಂದೆ ಬಂದು ನಿಲ್ಲುತ್ತದೆ. ಹೀಗೆ ಇಳಿಸುವಾಗ ಸಣ್ಣ ಗೆರೆಗಳು ಕರಗಲು ಒಪ್ಪದಿರುವುದರಿಂದ ಪೆಟ್ಟು ಬೀಳುವುದು ಯಾವಾಗಲೂ ದೊಡ್ಡ ಬಣ್ಣಕ್ಕೆ. ಪರಿಹಾರವೂ ಅಲ್ಲೇ: ತಿರುವಿನ ಕೆಂಪನ್ನು 36ರಿಂದ 44ಕ್ಕೆ ಏರಿಸಿದೆ. ಸುತ್ತು 114 ಆಯಿತು, ಕೆಂಪು 56, ಶೇಕಡಾ 49. ಬಿಳಿಯ ಪಾಲು ಮೂಲದ ಶೇಕಡಾ 3ರಿಂದ 5 ದಾಟಿತು, ಅದಕ್ಕೆ ಮದ್ದಿಲ್ಲ. ಅಚ್ಚ ಬಿಳಿಯ ಬದಲು ಬಣ್ಣ ಹಾಕದ ಉಣ್ಣೆಯ ಕೆನೆಬಿಳಿ ತೆಗೆದುಕೊಂಡೆ, ಕಣ್ಣಿಗೆ ಹೊಡೆಯುವುದು ತಗ್ಗಿತು. ಎಳೆಲೆಕ್ಕ ಬಣ್ಣದ ಛಾಯೆಯನ್ನು ಕಟ್ಟಿಹಾಕುವುದಿಲ್ಲ. ಗಿರಣಿಗಳೇ ಒಂದೇ ಲೆಕ್ಕವನ್ನು ಗಾಢವಾದ ‘ಮಾಡರ್ನ್’, ತಿಳಿಯಾದ ‘ಏನ್ಷಂಟ್’, ಮಾಸಿದ ‘ವೆದರ್ಡ್’ ಎಂದು ಮೂರು ಬಗೆಯಲ್ಲಿ ಮಾರುತ್ತವೆ.

ಇದು ಇನ್ನೂ ರಾಯಲ್ ಸ್ಟೂವರ್ಟ್ ಹೌದೋ ಅಲ್ಲವೋ ಎಂದು ಕೇಳುವವರು ಇದ್ದಾರೆ. ಬಣ್ಣಗಳ ಕ್ರಮವೂ ಪಾಲುಗಳೂ ಉಳಿದರೆ ಹೌದು ಎನ್ನುವುದು ನನ್ನ ಪಕ್ಷ. ಸೊಂಟದ ಬೆಲ್ಟಿಗೂ ಕಂಬಳಿಗೂ ನೇಕಾರರು ಇದೇ ವಿನ್ಯಾಸವನ್ನು ಇಳಿಸಿ ಏರಿಸಿ ನೇಯ್ದಿದ್ದಾರೆ.

ಮಗ್ಗದ ಮೇಲೆ

ಎರಡು ಸುತ್ತು, 228 ಎಳೆ, ಹಣಿಗೆಯಲ್ಲಿ ಹದಿನಾಲ್ಕು ಕಾಲು ಇಂಚು. ಕೆಂಪಿನ ನಡುಮಧ್ಯದಿಂದ ಶುರು ಮಾಡಿ ಕೆಂಪಿನ ನಡುಮಧ್ಯಕ್ಕೆ ಮುಗಿಸಿದರೆ ಎರಡು ಅಂಚೂ ಒಂದೇ ಥರ ಕಾಣುತ್ತವೆ. ಹಾಗಾಗಿ ಮೊದಲ 22 ಕೆಂಪು, ಕೊನೆಯ 22 ಕೆಂಪು. ಬಣ್ಣವಾರು ಕೂಡಿದರೆ ಕೆಂಪು 112, ಕಪ್ಪು 48, ಹಸಿರು 32, ನೀಲಿ 16, ಬಿಳಿ 12, ಹಳದಿ 8. ಒಟ್ಟು 228 ಬಂತೆಂದರೆ ಲೆಕ್ಕ ಸರಿ. ಹಾಸಿನ ಉದ್ದ 3 ಮೀಟರ್. ನೇಯುವುದು 2 ಮೀಟರ್, ಉಳಿದದ್ದು ಎರಡು ಕಡೆಯ ಕುಚ್ಚಿಗೆ ಮತ್ತು ಮಗ್ಗ ತಿನ್ನುವ ಪಾಲಿಗೆ. ಹೊಕ್ಕೂ ಸೇರಿಸಿದರೆ ಕೆಂಪು ಐದು ಉಂಡೆ ಮುಗಿಯುತ್ತದೆ, ಹಳದಿ ಒಂದು ಉಂಡೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮಿಗುತ್ತದೆ.

ಶಾಫ್ಟುಗಳಿಗೆ ಎಳೆ ತುಂಬುವುದು ನೇರ ಕ್ರಮ: 1, 2, 3, 4, ಮತ್ತೆ 1. ಬಣ್ಣ ಎಲ್ಲಿ ಬದಲಾದರೂ ಶಾಫ್ಟಿನ ಕ್ರಮ ಬದಲಾಗುವುದಿಲ್ಲ. 114 ನಾಲ್ಕರಿಂದ ಭಾಗವಾಗದಿದ್ದರೂ ಚಿಂತೆಯಿಲ್ಲ, ಟ್ವಿಲ್ ತನ್ನ ಪಾಡಿಗೆ ಓಡುತ್ತದೆ. ನೇಯುವಾಗ ಎತ್ತುವ ಶಾಫ್ಟುಗಳು 1-2, 2-3, 3-4, 4-1. ಈ ಟ್ವಿಲ್‌ನಲ್ಲಿ ಅಂಚಿನ ಎಳೆ ಆಗಾಗ ಹೊಕ್ಕಿಗೆ ಸಿಗದೆ ತಪ್ಪಿಸಿಕೊಳ್ಳುವುದರಿಂದ ಎರಡೂ ಬದಿಗೆ ಯಾವ ಶಾಫ್ಟಿಗೂ ಸೇರದ ಒಂದೊಂದು ಹೆಚ್ಚುವರಿ ಕೆಂಪೆಳೆ ಇಟ್ಟೆ. ಲಾಳಿ ಒಳಹೋಗುವಾಗ ಅದರ ಮೇಲಿಂದ, ಹೊರಬರುವಾಗ ಕೆಳಗಿಂದ.

ಆರು ಬಣ್ಣಕ್ಕೆ ಆರು ಲಾಳಿ. ಹಳದಿ, ಕಪ್ಪು, ಬಿಳಿ, ಕಪ್ಪು ಎಂದು ಎರಡೆರಡು ಹೊಕ್ಕು ಬರುವ ಜಾಗದಲ್ಲಿ ಕಪ್ಪನ್ನು ಕತ್ತರಿಸದೆ ಅಂಚಿನಲ್ಲೇ ಮೇಲಕ್ಕೆ ಒಯ್ದೆ. ಕೆಂಪು, ಹಸಿರು ಮುಗಿದಾಗ ಕತ್ತರಿಸಿ, ಬಾಲವನ್ನು ಅದೇ ಬಣ್ಣದ ಮುಂದಿನ ಬಾಯಿಯೊಳಗೆ (ಲಾಳಿ ಹಾಯುವ ಎಳೆಗಳ ಸಂದಿಗೆ) ಮಡಚಿದೆ. ಅಂಚು ಗಿರಣಿಯ ಕಿಲ್ಟ್ ಬಟ್ಟೆಯಷ್ಟು ನುಣುಪಾಗಲಿಲ್ಲ, ಮಫ್ಲರಿಗೆ ಸಾಕು.

ನಿಜವಾದ ಪರೀಕ್ಷೆ ಚೌಕ ಚೌಕವಾಗಿ ಬರುವುದು. ಹಾಸಿನಲ್ಲಿ ಇಂಚಿಗೆ 16 ಎಂದು ಹಣಿಗೆ ಕಟ್ಟಿಹಾಕುತ್ತದೆ. ಹೊಕ್ಕಿನಲ್ಲಿ ಎಷ್ಟು ಬೀಳುತ್ತದೆ ಎನ್ನುವುದು ಕೈಯ ಹೊಡೆತ. ಈ ನೂಲಿಗೆ ಹಣಿಗೆಯನ್ನು ಬಡಿಯಬಾರದು, ಒತ್ತಿ ಕೂರಿಸಬೇಕು. ಟ್ವಿಲ್ ಗೆರೆ ಸರಿಯಾಗಿ 45 ಡಿಗ್ರಿಯಲ್ಲಿ ಹತ್ತುತ್ತಿದೆಯೇ ಎಂದು ಕಣ್ಣಿಟ್ಟರೆ ಅರ್ಧ ಕೆಲಸ ಆಯಿತು. ಉಳಿದರ್ಧಕ್ಕೆ ಒಂದು ರಟ್ಟಿನ ಪಟ್ಟಿಯ ಮೇಲೆ ಪೂರ್ತಿ ಸುತ್ತಿನ ಪಟ್ಟಿಗಳನ್ನು ಗುರುತು ಹಾಕಿ ಬಟ್ಟೆಯ ಪಕ್ಕ ಹಿಡಿಯುತ್ತಿದ್ದೆ. ಬಿಗಿ ಇರುವಾಗ ಅಳತೆ ಸುಳ್ಳು ಹೇಳುತ್ತದೆ: ಮಗ್ಗದಿಂದ ಇಳಿದ ಮೇಲೆ ಹಾಸು ಕುಗ್ಗುತ್ತದೆ. ಅದಕ್ಕೆ 114 ಹೊಕ್ಕಿಗೆ 18.4 ಸೆಂಟಿಮೀಟರ್ ಗುರಿ ಇಟ್ಟುಕೊಂಡೆ, ಆಗ ಬಟ್ಟೆಯ ಅಗಲದಲ್ಲಿ ಸುತ್ತು 17.4 ಇತ್ತು. ಮಗ್ಗದ ಮೇಲೆ ಚೌಕ ತುಸು ಉದ್ದುದ್ದ ಕಂಡರೇ ಒಳ್ಳೆಯದು. ಹೀಗೆ ಹನ್ನೊಂದು ಸುತ್ತು, 1254 ಹೊಕ್ಕು.

ತೊಳೆದು ತೂಗಿದ್ದು

ಉಗುರುಬೆಚ್ಚಗಿನ ನೀರು, ಸ್ವಲ್ಪ ಸೋಪು, ಕೈಯಿಂದ ಒತ್ತುವುದು, ಹಿಂಡದೆ ಟವೆಲಿನಲ್ಲಿ ಸುತ್ತಿ ನೀರು ತೆಗೆಯುವುದು. ಮಗ್ಗದ ಮೇಲೆ ಆಚೆಯ ಬೆಳಕು ಕಾಣುತ್ತಿದ್ದ ಬಟ್ಟೆ ತುಂಬಿಕೊಂಡಿತು. ಒಣಗಿದ ಮೇಲೆ ಅಗಲ 32, ಉದ್ದ 177 ಸೆಂಟಿಮೀಟರ್. ಸುತ್ತು ಅಡ್ಡಕ್ಕೆ 16, ಉದ್ದಕ್ಕೆ 16.1.

ಇನ್ನು ತೂಕ. ಕಿಲ್ಟ್ ಬಟ್ಟೆಯನ್ನು 10, 13, 16 ಔನ್ಸ್ ಎಂದು ಮಾರುತ್ತಾರೆ. ಇದು ಚದರ ಗಜದ ತೂಕವಲ್ಲ, ಪೂರ್ತಿ ಅಗಲದ ಬಟ್ಟೆಯ ಒಂದು ಗಜ ಉದ್ದದ ತೂಕ. ಅಗಲ 58 ಇಂಚಾದರೆ 16 ಔನ್ಸ್ ಎಂದರೆ ಚದರ ಮೀಟರಿಗೆ 337 ಗ್ರಾಂ, 13 ಔನ್ಸ್ 274, 10 ಔನ್ಸ್ 210. ಅಗಲ 54 ಇಂಚಾದರೆ ಅದೇ 16 ಔನ್ಸ್ 362 ಆಗಿಬಿಡುತ್ತದೆ. ಒಂಟಿ ಅಗಲದ, ಅಂದರೆ ಅರ್ಧ ಪನ್ನದ ಹಳೆಯ ಬಟ್ಟೆಗೆ ಔನ್ಸಿನ ಅಂಕಿಯೂ ಅರ್ಧ. ಅಗಲ ಹೇಳದ ಔನ್ಸ್ ಅಂಕಿಗೆ ಬೆಲೆಯಿಲ್ಲ. ಜೀನ್ಸಿನ ಡೆನಿಮ್ ತೂಗುವುದು ಚದರ ಗಜಕ್ಕೆ, ಹಾಗಾಗಿ 14 ಔನ್ಸ್ ಡೆನಿಮ್ ಚದರ ಮೀಟರಿಗೆ 475 ಗ್ರಾಂ. ದಪ್ಪ ಎಂದು ಹೆಸರಾದ 16 ಔನ್ಸ್ ಕಿಲ್ಟ್ ಬಟ್ಟೆ ಅದಕ್ಕಿಂತ ಎಷ್ಟೋ ಹಗುರ.

ನನ್ನ ಬಟ್ಟೆಗೆ ಮೊದಲೇ ಹಾಕಿದ್ದ ಅಂದಾಜು: ಇಂಚಿಗೆ 16 ಎಂದರೆ ಮೀಟರಿಗೆ 630 ಎಳೆ, ಹಾಸು ಹೊಕ್ಕು ಸೇರಿ ಒಂದು ಚದರ ಮೀಟರಿನಲ್ಲಿ 1260 ಮೀಟರ್ ನೂಲು, 217 ಟೆಕ್ಸ್‌ಗೆ 273 ಗ್ರಾಂ. ತೊಳೆದ ಮೇಲೆ ವಿಸ್ತೀರ್ಣ ಶೇಕಡಾ 77ಕ್ಕೆ ಇಳಿಯುವುದರಿಂದ ಅದೇ ನೂಲು ಕಡಿಮೆ ಜಾಗದಲ್ಲಿ ಕೂರುತ್ತದೆ: 355 ಆಸುಪಾಸು. ತೊಳೆದ ಮಾದರಿಯಿಂದ 10 ಸೆಂಟಿಮೀಟರ್ ಚೌಕ ಕತ್ತರಿಸಿ ಅಡುಗೆಮನೆಯ ಸಣ್ಣ ತಕ್ಕಡಿಗೆ ಇಟ್ಟರೆ 3.6 ಗ್ರಾಂ, ಅಂದರೆ 360. ಕಿಲ್ಟಿನ ಭಾಷೆಯಲ್ಲಿ 58 ಇಂಚು ಅಗಲಕ್ಕೆ 17 ಔನ್ಸ್.

17 ಔನ್ಸ್ ಬಂತೆಂದು ಇದರಲ್ಲಿ ಕಿಲ್ಟ್ ಹೊಲಿಯಲು ಹೋದರೆ ನೆರಿಗೆ ಒಂದು ಗಂಟೆ ನಿಲ್ಲದು. ತೂಕ ಒಂದೇ, ಬಟ್ಟೆ ಬೇರೆ. ಕಿಲ್ಟ್ ಬಟ್ಟೆಯ ತೂಕ ಸಣ್ಣ, ಬಿಗಿ ಹುರಿಯ ವರ್ಸ್ಟೆಡ್ ನೂಲನ್ನು ಇಂಚಿಗೆ ಮೂವತ್ತರ ಮೇಲೆ ಒತ್ತಿ ಕೂರಿಸಿದ್ದರಿಂದ ಬಂದದ್ದು. ಪ್ರತಿ ಇಂಚಿನಲ್ಲಿ ದಾಟುಗಳು ಹೆಚ್ಚು, ಇಸ್ತ್ರಿ ಹಾಕಿದ ಮಡಿಕೆ ಅಲ್ಲೇ ಕೂರುತ್ತದೆ. ನನ್ನದರ ತೂಕ ದಪ್ಪ, ಸಡಿಲ ನೂಲಿನದು. ಗಾಳಿ ಹಿಡಿದಿಡುತ್ತದೆ, ಮಡಿಕೆ ಹಿಡಿಯುವುದಿಲ್ಲ. ಅಂಗಡಿಯಲ್ಲಿ ಬರೀ ತೂಕ ಕೇಳಿ ಟಾರ್ಟನ್ ಕೊಳ್ಳುವವರಿಗೆ ನಾನು ಹೇಳುವುದು, ಇಂಚಿಗೆ ಎಷ್ಟು ಎಳೆ ಎಂದೂ ಕೇಳಿ. ಹೇಳಲು ಬರದಿದ್ದರೆ ಭೂತಗನ್ನಡಿ ಹಿಡಿದು ಎಣಿಸಿಕೊಳ್ಳಿ.

ಮುಂದಿನ ಸಲ ಹಾಸು ಹೂಡಲು 2/16 ಮೆಟ್ರಿಕ್ ವರ್ಸ್ಟೆಡ್ ನೂಲಿನ ಲೆಕ್ಕ ಹಾಕಿಟ್ಟಿದ್ದೇನೆ. 125 ಟೆಕ್ಸ್, ಪೌಂಡಿಗೆ 3968 ಗಜ, ವರ್ಗಮೂಲ 63, ಗರಿಷ್ಠ ಇಂಚಿಗೆ 38 ಎಳೆ. ಅದರ ಶೇಕಡಾ 80 ಎಂದರೆ 30, ಹತ್ತು ಸಂದಿನ ಹಣಿಗೆಯಲ್ಲಿ ಸಂದಿಗೆ ಮೂರೆಳೆ. ಆಗ ಏನನ್ನೂ ಇಳಿಸಬೇಕಿಲ್ಲ: 190 ಎಳೆಯ ಮೂಲ ಸುತ್ತು ಆರು ಇಂಚು ಚಿಲ್ಲರೆಗೆ ಬಂದು ಕೂರುತ್ತದೆ, ತೂಕ ಚದರ ಮೀಟರಿಗೆ 330ರ ಆಸುಪಾಸು.